ಗೆಜ್ಜೆ ಕಟ್ಟಿದ ಕಾರು

ಹೋದ ವಾರ ಕಾರನ್ನು ಸರ್ವಿಸಿಗೆಂದು ಬೆಳಗಾವಿಗೆ ಒಯ್ದಿದ್ದೆ. ಆ ಗ್ಯಾರೇಜಿನಲ್ಲಿ ಬಂದವರು ಕೂರಲೆಂದು ತಣ್ಣನೆಯ ಕೋಣೆ, ಕಾಫಿ, ಟೀವಿ ಎಲ್ಲ ಇಟ್ಟಿದ್ದಾರೆ. ಆದರೆ ಕೂತಲ್ಲಿ ಕೂರುವುದು ನನ್ನ ಜಾಯಮಾನದಲ್ಲೇ ಇಲ್ಲ. ಸ್ವಲ್ಪ ಹೊತ್ತಿಗೇ ಎದ್ದು ಹೋಗಿ ಕೆಲಸ ಮಾಡುತ್ತಿದ್ದವನ ಬೆನ್ನ ಹಿಂದೆ ನಿಂತೆ. ನನ್ನದು ಹೈಬ್ರಿಡ್ ಕಾರು. ಪೆಟ್ರೋಲ್ ಎಂಜಿನ್ನಿನ ಜೊತೆಗೆ ಒಂದು ದೊಡ್ಡ ಬ್ಯಾಟರಿಯೂ ಇದೆ. ಅದು ಬಿಸಿಯಾಗದಂತೆ ಗಾಳಿ ಎಳೆದುಕೊಳ್ಳಲು ಹಿಂದಿನ ಸೀಟಿನ ಪಕ್ಕದಲ್ಲಿ ಒಂದು ಜಾಲರಿ, ಅದರ ಹಿಂದೆ ಅಂಗೈಯಗಲದ ಒಂದು ಫಿಲ್ಟರ್. ಇಷ್ಟು ದಿನ ಯಾರೂ ಬಿಚ್ಚಿರದ ಆ ಫಿಲ್ಟರನ್ನು ಮೆಕ್ಯಾನಿಕ್ ಹೊರಗೆಳೆದ. ಕಂಬಳಿಯ ಎಳೆ, ಜೋಳದ ಕಣಿಕೆಯ ಹೊಟ್ಟು, ಬಿಳಿಯ ಗಿಡ್ಡ ಕೂದಲು, ಎಲ್ಲ ಕೂಡಿ ಗಟ್ಟಿ ಹೆಪ್ಪಾಗಿ ಕೂತಿದ್ದವು.

"ಮೇಡಂ, ಇದರಾಗ ಎಮ್ಮಿ ಕಟ್ಟತಿದ್ರೇನ್ರಿ?" ಎಂದ ಅವನು.

ನಗು ಬಂತು. ಆದರೆ ಅಷ್ಟರಲ್ಲಿ ಆ ವಾಸನೆ ಮೂಗಿಗೆ ಬಡಿಯಿತು. ಸೆಗಣಿ, ಬೆವರು, ಒಣಹುಲ್ಲು, ಎಲೆಯಡಿಕೆ. ದನದ ಸಂತೆಯ ವಾಸನೆ. ಅಪ್ಪನ ಜೊತೆ ಸಂತೆ ಸುತ್ತಿದ ಎರಡು ಬೇಸಿಗೆಗಳ ಹಿಂದಿನದು, ಗಾಳಿಯಾಡದ ಆ ಸಂದಿಯಲ್ಲಿ ಹಾಗೇ ಉಳಿದುಕೊಂಡಿತ್ತು. ಹೊಸ ಫಿಲ್ಟರ್ ಹಾಕಿ ಇದನ್ನು ಎಸೆಯಲೇ ಎಂದು ಅವನು ಕೇಳಿದಾಗ, ಬೇಡ, ಒಂದು ಕಾಗದದಲ್ಲಿ ಸುತ್ತಿ ಕೊಡು ಎಂದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿ ಸುತ್ತಿಕೊಟ್ಟ.

ನಮ್ಮ ಮನೆ ಬೈಲಹೊಂಗಲ. ನನ್ನ ನೌಕರಿ ಕಿತ್ತೂರಿನ ಒಂದು ಕಾಲೇಜಿನಲ್ಲಿ, ಅರ್ಥಶಾಸ್ತ್ರ ಕಲಿಸುವುದು. ದಿನಾ ಬಸ್ಸಿಗೆ ಕಾಯುವುದು ನನ್ನಂಥ ಗಡಿಬಿಡಿಯವಳಿಗೆ ಆಗದ ಮಾತು ಎಂದು ಕಾರು ಕೊಂಡಿದ್ದೆ. ಕಾರು ಬಂದ ಮೇಲೆ ಒಂದು ಉಪಕಾರವಾಯಿತು. ಓಣಿಯವರು ನನ್ನ ಮದುವೆಯ ಮಾತು ಬಿಟ್ಟು ಕಾರಿನ ಮಾತು ಹಿಡಿದರು. ಇದಕ್ಕೆ ಚಾರ್ಜು ಎಲ್ಲಿ ಹಾಕುತ್ತೀ ಎಂಬುದು ಎಲ್ಲರ ಮೊದಲ ಪ್ರಶ್ನೆ. ಎಲ್ಲೂ ಹಾಕುವುದಿಲ್ಲ, ಓಡುತ್ತಾ, ಬ್ರೇಕು ಹಿಡಿದಾಗ, ಇಳಿಜಾರಿನಲ್ಲಿ ತಾನೇ ತುಂಬಿಕೊಳ್ಳುತ್ತದೆ ಎಂದರೆ ಯಾರಿಗೂ ನಂಬಿಕೆಯಿಲ್ಲ. ಅವ್ವ ಮಾತ್ರ ಹೆಸರು ಕೇಳಿಯೇ ಮುಖ ಕಿವುಚಿದಳು. ಹೈಬ್ರಿಡ್ ಜೋಳದ ರೊಟ್ಟಿ ತಿಂದು ಕೆಟ್ಟ ಬಾಯಿ ಅವಳದು, ಆ ಹೆಸರಿನ ಯಾವುದಕ್ಕೂ ರುಚಿ ಇರುವುದಿಲ್ಲ ಎಂದು ತೀರ್ಮಾನಿಸಿಬಿಟ್ಟಿದ್ದಳು.

ಅಪ್ಪ ಎತ್ತಿನ ದಲಾಲಿ. ಬೈಲಹೊಂಗಲ, ಮುರಗೋಡ, ಮುನವಳ್ಳಿ, ರಾಮದುರ್ಗ, ಎಲ್ಲಿ ದನದ ಸಂತೆ ನೆರೆದರೂ ಅಪ್ಪನ ಕೆಂಪು ಅಂಚಿನ ಟವೆಲ್ ಅಲ್ಲಿ ಇರಲೇಬೇಕು. ಎತ್ತಿನ ವ್ಯಾಪಾರದಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೆಗಲ ಮೇಲಿನ ಟವೆಲ್ಲನ್ನು ಕೈಗಳ ಮೇಲೆ ಹಾಸಿ, ಅದರ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ಕೇಳುವುದು, ಹೇಳುವುದು. ಸುತ್ತ ನೂರು ಜನ ನಿಂತು ನೋಡುತ್ತಿದ್ದರೂ ಒಳಗೆ ಏನು ನಡೆಯಿತೆಂಬುದು ಆ ಇಬ್ಬರಿಗೇ ಗೊತ್ತು. ನಾನು ಸಣ್ಣವಳಿದ್ದಾಗ ಅಪ್ಪ ಕಟ್ಟೆಯ ಮೇಲೆ ಕೂತು ನನಗೆ ಈ ಆಟ ಕಲಿಸಿದ್ದ. ಪೆಪ್ಪರಮಿಂಟು ಎಷ್ಟು ಬೇಕು ಎಂಬುದನ್ನು ಬೆರಳು ಹಿಡಿದೇ ಹೇಳಬೇಕು. ಕೈ ದೂಡಿದರೆ ಒಲ್ಲೆ ಎಂದು ಅರ್ಥ. ಐದೂ ಬೆರಳನ್ನು ಒಟ್ಟಿಗೆ ಹಿಡಿದು ಒತ್ತಿದರೆ ಹೂಂ ಎಂದಂತೆ, ವ್ಯಾಪಾರ ಮುಗಿದಂತೆ, ಮತ್ತೆ ಮಾತಿಲ್ಲ.

ಆ ವರ್ಷ ಯುಗಾದಿ ಕಳೆದ ಹೊಸದರಲ್ಲೇ ಅಪ್ಪನ ಹಳೆಯ ಡೀಸೆಲ್ ಜೀಪು ಕೈಕೊಟ್ಟಿತು. ಬಿತ್ತನೆಗೆ ಮುಂಚೆ ರೈತರು ಎತ್ತು ಕೊಳ್ಳುವ ಕಾಲ ಅದು, ದಲಾಲಿಗಳಿಗೆ ಮೈ ತುರಿಸಿಕೊಳ್ಳಲೂ ಪುರುಸೊತ್ತಿಲ್ಲ. ನನಗೆ ಕಾಲೇಜಿಗೆ ರಜೆ. ಮನೆಯಲ್ಲಿ ಕೂತು ಗೋಡೆ ನೋಡುವ ಬದಲು ನಾನೇ ಕರೆದೊಯ್ಯುತ್ತೇನೆ ಎಂದೆ. ಅಪ್ಪ ಹೊರಗೆ ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿದ. ಬೆನ್ನು ತಟ್ಟಿದ, ಮುಂದೆ ಬಗ್ಗಿ ಹಲ್ಲು ನೋಡುವವನಂತೆ ಜಾಲರಿ ನೋಡಿದ, ಬಾಗಿಲಿನ ಮೇಲಿದ್ದ ಸಣ್ಣ ತಗ್ಗಿನ ಮೇಲೆ ಬೆರಳಾಡಿಸಿ ಸುಳಿ ಚೆನ್ನಾಗಿಲ್ಲ ಎಂದ. ಎಂಜಿನ್ನು, ಬ್ಯಾಟರಿ ಎರಡೂ ಸೇರಿ ಎಳೆಯುತ್ತವೆ ಎಂದು ನಾನು ಕೈಸನ್ನೆ ಮಾಡಿ ವಿವರಿಸಿದ ಮೇಲೆ ಅವನಿಗೆ ಖುಷಿಯಾಯಿತು. ಅಂದರೆ ಇದು ಜೋಡಿ, ಏರಿನಲ್ಲಿ ಎರಡೂ ಎಳೆಯುತ್ತವೆ, ಬಯಲಿನಲ್ಲಿ ಒಂದು ಸುಮ್ಮನೆ ಜೊತೆಗೆ ನಡೆಯುತ್ತದೆ ಎಂದು ತನಗೆ ಬೇಕಾದಂತೆ ಅರ್ಥ ಮಾಡಿಕೊಂಡ. ಸವದತ್ತಿಯ ಗುಡ್ಡದ ಇಳಿಜಾರಿನಲ್ಲಿ ಪರದೆಯ ಮೇಲೆ ಬ್ಯಾಟರಿಯ ಗೆರೆಗಳು ಒಂದೊಂದಾಗಿ ಏರುವುದನ್ನು ಕಂಡಾಗಲಂತೂ ಮಗುವಿನಂತೆ ಬೆರಳು ಮಾಡಿ ತೋರಿಸಿದ.

"ನೋಡಲೇ ಶೈಲಿ, ನಡಕೋತ ನಡಕೋತ ಮೇಯಾಕ ಹತ್ತೈತಿ."

ಹಿಂದಿನ ಸೀಟು ಅಪ್ಪನ ಪಾಲಾಯಿತು. ಕಂಬಳಿ, ಹಗ್ಗ, ಮೂಗುದಾಣ, ಹಣೆಗೆ ಕಟ್ಟುವ ಗೊಂಡೆ, ದಾರಿಯಲ್ಲಿ ಯಾರೋ ಕೊಟ್ಟ ಮೇವಿನ ಸೂಡು, ಎಲ್ಲ ಅಲ್ಲಿ. ಹೊಸ ಕಾರಿನ ವಾಸನೆ ಒಂದೇ ವಾರದಲ್ಲಿ ಓಡಿಹೋಯಿತು. ಅದರ ಬಗ್ಗೆ ನನಗೆ ಬೇಸರವಿರಲಿಲ್ಲ. ಬೇಸರವಾಗುತ್ತಿದ್ದುದು ಬೇರೆ. ಜೀಪಿನ ಗದ್ದಲದಲ್ಲಿ ನಾವೆಲ್ಲ ಕಿರುಚಿಯೇ ಮಾತಾಡುತ್ತಿದ್ದೆವು, ಅಪ್ಪನೂ ಕಿರುಚಿಯೇ ಉತ್ತರಿಸುತ್ತಿದ್ದ. ಈ ಕಾರು ಹೊರಟಿತೋ ಇಲ್ಲವೋ ಎಂಬುದೂ ತಿಳಿಯದಷ್ಟು ಸದ್ದಿಲ್ಲದ್ದು, ಒಳಗೆ ಪಿಸುಮಾತೂ ಕೇಳುತ್ತದೆ. ಅಂಥ ಕಡೆ ನಾನು ಮಾತಾಡಿದರೆ ಅಪ್ಪ ಸುಮ್ಮನೆ ರಸ್ತೆ ನೋಡುತ್ತಾ ಕೂರುತ್ತಿದ್ದ. ಕಾಲೇಜಿನ ಸುದ್ದಿ ಹೇಳಿದರೆ ಉತ್ತರವಿಲ್ಲ. ಚಹಾ ಕುಡಿಯೋಣವೇ ಎಂದರೆ ಉತ್ತರವಿಲ್ಲ. ಮಗಳ ಕಾರಿನಲ್ಲಿ ಸಂತೆಗೆ ಹೋಗಬೇಕಾಯಿತಲ್ಲ ಎಂಬ ಸಿಟ್ಟೋ, ನಾನು ಏನಾದರೂ ತಪ್ಪು ಆಡಿದೆನೋ ತಿಳಿಯದೆ ಒದ್ದಾಡುತ್ತಿದ್ದೆ. ಸ್ಟೇರಿಂಗಿನ ಮೇಲೆ ಬೆರಳು ಬಡಿಯುತ್ತಾ, ರೇಡಿಯೋ ಹಾಕುತ್ತಾ, ಆರಿಸುತ್ತಾ ಮುನವಳ್ಳಿ ಮುಟ್ಟುವಷ್ಟರಲ್ಲಿ ನನಗೆ ಸಾಕುಸಾಕಾಗುತ್ತಿತ್ತು.

ಮನೆಯಲ್ಲಾದರೂ ನೆಮ್ಮದಿಯಿಂದ ಇದ್ದೆನೇ ಎಂದರೆ ಅದೂ ಇಲ್ಲ. ರಜೆಯೆಂಬ ರಜೆ ಕಾಲಿಗೆ ಚಕ್ರ ಕಟ್ಟಿಕೊಂಡು ಹೋಯಿತು. ಒಂದು ದಿನ ಮುರಗೋಡ, ಮತ್ತೊಂದು ದಿನ ರಾಮದುರ್ಗ, ಬಿಡುವಿದ್ದ ದಿನವೂ ಯಾವುದೋ ಹಳ್ಳಿಯಲ್ಲಿ ಹೋರಿ ಇದೆಯಂತೆ ಎಂದು ಅಪ್ಪ ಚಪ್ಪಲಿ ಮೆಟ್ಟಿ ನಿಲ್ಲುತ್ತಿದ್ದ. ಬಿಸಿಲು ಎಂದರೆ ಮಣ್ಣು ಬಿರಿದು ಕಾಲು ಸುಡುವಂಥದ್ದು. ಕುಂಟೆ ಹೊಡೆಸಿಕೊಂಡ ಕರಿಯ ಹೊಲಗಳು ಬಾಯಿ ತೆರೆದು ಬಿದ್ದಿದ್ದವು. ಮಧ್ಯಾಹ್ನವಾಗುತ್ತಲೇ ಸುಂಟರಗಾಳಿ ಏಳುತ್ತಿತ್ತು, ಮೋಡ ಕಟ್ಟುತ್ತಿತ್ತು, ಒಂದು ಹನಿಯೂ ಬೀಳದೆ ಚದುರುತ್ತಿತ್ತು. ಎಲ್ಲರೂ ಆಕಾಶ ನೋಡುತ್ತಾ ಸಿಡಿಮಿಡಿಗೊಳ್ಳುತ್ತಿದ್ದ ಕಾಲ.

ಕೆಲವೇ ದಿನಗಳಲ್ಲಿ ಅಪ್ಪ ಕೀಲಿ ಕೇಳತೊಡಗಿದ. ಮೊದಲು ಊರ ಹೊರಗಿನ ಬಯಲಿನಲ್ಲಿ, ಆಮೇಲೆ ಬರುವ ದಾರಿಯಲ್ಲಿ, ಕಡೆಗೆ ಹೋಗುವಾಗಲೂ. ಗೇರು ಇಲ್ಲದ ಕಾರು ಅವನಿಗೆ ಬಹಳ ಹಿಡಿಸಿತು. ಜೀಪು ಓಡಿಸಿ ಪಳಗಿದ ಕೈ, ಚೆನ್ನಾಗಿಯೇ ಓಡಿಸುತ್ತಿದ್ದ. ಹಿಂದಿನಿಂದ ಯಾರು ಎಷ್ಟೇ ಹಾರ್ನು ಹೊಡೆದರೂ ದಾರಿ ಬಿಡುತ್ತಿರಲಿಲ್ಲ ಎಂಬುದೊಂದೇ ದೂರು. ಹಳೆಯ ಕಾಲದವರ ಗತ್ತು ಎಂದುಕೊಂಡು ನಾನು ಒಳಗೊಳಗೇ ನಗುತ್ತಿದ್ದೆ.

ರಾಮದುರ್ಗದ ದಾರಿಯಲ್ಲಿ, ತೊರಗಲ್ಲಿನ ಕೋಟೆಯ ಕೆಳಗೆ ಆದದ್ದನ್ನು ಈಗಲೂ ಮರೆತಿಲ್ಲ. ಅಪ್ಪ ಓಡಿಸುತ್ತಿದ್ದ. ತಿರುವಿನಲ್ಲಿ ಕಾರು ನಿಧಾನವಾಗಿ ಬ್ಯಾಟರಿಯ ಮೇಲೆ ತೇಲುತ್ತಿತ್ತು. ಮುಂದೆ ರಸ್ತೆಯ ಬದಿಯಲ್ಲಿ ಒಂದು ಕುರಿಹಿಂಡು, ನಮಗೆ ಬೆನ್ನು ಮಾಡಿಕೊಂಡು ನಡೆಯುತ್ತಿದ್ದ ಒಬ್ಬಳು ಮುದುಕಿ. ನಿಧಾನವಾಗಿ ಓಡುವಾಗ ಈ ಕಾರು ಗುಂಯ್ ಎಂಬ ಒಂದು ಕೃತಕ ಸದ್ದು ಮಾಡುತ್ತದೆ, ಆದರೆ ಆ ಗಾಳಿಯಲ್ಲಿ ಅದು ಯಾರಿಗೆ ಕೇಳಬೇಕು? ತಿರುಗಿ ನೋಡಿದವಳೇ ಅವಳು ಕೋಲೆತ್ತಿ ಕೂಗಿದಳು, ನಾನೂ ಕೂಗಿದೆ. ಅಪ್ಪ ಎಡಬದಿಯಿಂದ ಅಡ್ಡ ಬಂದ ಮರಿಗಳನ್ನು ಕಂಡ ಮೇಲೆಯೇ ಬ್ರೇಕು ಒತ್ತಿದ್ದು. ಒಂದು ಮರಿ ಬಂಪರಿಗೆ ತಗುಲಿ ಉರುಳಿ, ಎದ್ದು, ತಾಯಿಯ ಕಡೆಗೆ ಓಡಿತು. ಏನೂ ಆಗಲಿಲ್ಲ. ಮುದುಕಿ ಕಿಟಕಿಯ ಹತ್ತಿರ ಬಂದು ಬಾಯಿಗೆ ಬಂದಂತೆ ಬೈದಳು.

"ಅಷ್ಟೊತ್ತಿಂದ ಒದರಾಕ ಹತ್ತೇನಿ. ನಿಮ್ಮ ಗಾಡಿಗೆ ಬಾಯಿಲ್ಲ, ನಿಮಗ ಕಿವಿ ಇಲ್ಲ. ಯಾರನ್ನ ಕೊಲ್ಲಾಕ ಹೊಂಟೀರಿ?"

ಅಪ್ಪ ಕೈ ಮುಗಿದ. ದಾರಿಯುದ್ದಕ್ಕೂ ತಪ್ಪು ಯಾರದು ಎಂದು ಯೋಚಿಸಿದವನು ಕೊನೆಗೆ ಕಾರಿನದೇ ಎಂದು ತೀರ್ಮಾನಿಸಿದ. ಸದ್ದಿಲ್ಲದ ಗಾಡಿ ಹಳ್ಳಿಯ ದಾರಿಗೆ ಲಾಯಕ್ಕಲ್ಲ, ಇದಕ್ಕೆ ಗೆಜ್ಜೆ ಕಟ್ಟಬೇಕು. ನಾನು ಚೇಷ್ಟೆ ಎಂದುಕೊಂಡಿದ್ದೆ. ಮರುದಿನ ಬೆಳಗ್ಗೆ ನೋಡಿದರೆ, ಎತ್ತಿನ ಕೊರಳಿಗೆ ಕಟ್ಟುವ ಹಿತ್ತಾಳೆ ಗೆಜ್ಜೆಯ ಸರವನ್ನು ನಂಬರ್ ಪ್ಲೇಟಿನ ಕೆಳಗೆ ಬಿಗಿದು, ಕುಂಕುಮ ಹಚ್ಚಿ ನಿಲ್ಲಿಸಿದ್ದಾನೆ. ಅಂದಿನಿಂದ ನಾವು ಹೋದಲ್ಲೆಲ್ಲ ಘಲ್ ಘಲ್. ರಸ್ತೆಯಲ್ಲಿ ಹೋಗುವವರು ಬಂಡಿ ಬಂತೆಂದು ಬದಿಗೆ ಸರಿದು, ಕಾರು ಕಂಡು ನಗುತ್ತಿದ್ದರು. ಅಪ್ಪನಿಗೆ ಹೆಮ್ಮೆಯೋ ಹೆಮ್ಮೆ. ನನಗೆ ನಾಚಿಕೆಯಾದರೂ ಅವನು ಮತ್ತೆ ಮಾತಾಡತೊಡಗಿದನಲ್ಲ ಎಂದು ಸುಮ್ಮನಿದ್ದೆ.

ನಡುವೆ ಒಂದು ದಿನ ಉತ್ತರ ಪತ್ರಿಕೆಯ ಕೆಲಸವಿದೆ, ಬನ್ನಿ ಎಂದು ಕಿತ್ತೂರಿನಿಂದ ಕರೆ ಬಂತು. ಕಾಲೇಜಿನ ಗೇಟಿನೊಳಗೆ ಗೆಜ್ಜೆ ಕುಣಿಸುತ್ತಾ ಹೋದರೆ ಹುಡುಗರು ವರ್ಷಪೂರ್ತಿ ಬಿಡುವವರಲ್ಲ. ಊರು ದಾಟಿದ ಮೇಲೆ ಇಳಿದು ಸರ ಬಿಚ್ಚಿ ಡ್ಯಾಶ್‌ಬೋರ್ಡಿನ ಖಾನೆಯಲ್ಲಿಟ್ಟೆ. ವಾಪಸು ಬರುವಾಗ ಕಟ್ಟಲು ಮರೆತೆ.

ಮರುದಿನ ಮುನವಳ್ಳಿಗೆ ಹೊರಟೆವು. ಅಪ್ಪನೇ ಓಡಿಸುತ್ತಿದ್ದ. ಮಲಪ್ರಭೆಯ ಹಿನ್ನೀರು ದೂರದಲ್ಲಿ ಹೊಳೆಯುತ್ತಿತ್ತು, ಎಂಜಿನ್ನು ಆರಿ ಕಾರು ಮೆತ್ತಗೆ ಸಾಗುತ್ತಿತ್ತು. ಅಪ್ಪ ತಲೆಯನ್ನು ತಾಳಕ್ಕೆ ಅಲ್ಲಾಡಿಸುತ್ತಾ ನನ್ನ ಕಡೆ ನೋಡಿ ನಕ್ಕ.

"ಕೇಳಿದೇನು ಶೈಲಿ? ಗೆಜ್ಜಿ ಸಪ್ಪಳ ಎಷ್ಟ ಚಂದ ಬರಾಕ ಹತ್ತೈತಿ."

ನಾನು ಕಿವಿಗೊಟ್ಟೆ. ಟಯರಿನ ಸದ್ದು, ಗಾಳಿ, ಅಷ್ಟೇ. ಮತ್ತೊಂದು ಸರ ಕಟ್ಟಿರಬಹುದೇ ಎಂದುಕೊಂಡು, ಮುನವಳ್ಳಿಯಲ್ಲಿ ಇಳಿದವಳೇ ಕಾರಿನ ಮುಂದೆ ಹೋಗಿ ಬಗ್ಗಿ ನೋಡಿದೆ. ಏನೂ ಇರಲಿಲ್ಲ, ಕುಂಕುಮದ ಕಲೆಯೊಂದೇ ಇತ್ತು. ಹಾಗೇ ಬಗ್ಗಿಕೊಂಡು ನಿಂತೆ. ದಾರಿ ಬಿಡದ ಗತ್ತು, ಉತ್ತರ ಕೊಡದ ಸಿಟ್ಟು, ಮುದುಕಿಯ ಕೂಗು, ಎಲ್ಲ ಒಂದೇ ಏಟಿಗೆ ಅರ್ಥವಾಯಿತು. ಅಪ್ಪನಿಗೆ ಕಿವಿ ಕೇಳುತ್ತಿರಲಿಲ್ಲ. ಈ ಕಾರು ಅವನಿಗೆ ಯಾಕೆ ಅಷ್ಟು ಹಿಡಿಸಿತೆಂಬುದೂ ಆಗಲೇ ತಿಳಿದದ್ದು. ಸದ್ದೇ ಇಲ್ಲ, ಸದ್ದೇ ಇಲ್ಲ ಎಂದು ಊರೆಲ್ಲ ಬೆರಗಾದ ಕಾರಿನೊಳಗೆ ಅವನು ಎಲ್ಲರಂತೆಯೇ ಇದ್ದ.

ಮನೆಗೆ ಬಂದವಳೇ ಅವ್ವನನ್ನು ಅಡುಗೆಮನೆಗೆ ಎಳೆದೊಯ್ದು ಕೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಅವಳಿಗೆ ಗೊತ್ತಿತ್ತು. ಬಹಳ ದಿನದಿಂದ ಅಪ್ಪನ ಎದುರಿಗೆ ನಿಂತು ತುಟಿ ಬಿಡಿಸಿ ಮಾತಾಡುವುದನ್ನು ಅವಳು ರೂಢಿ ಮಾಡಿಕೊಂಡಿದ್ದಳು, ನಾನು ಅದನ್ನು ಗಮನಿಸಿರಲೇ ಇಲ್ಲ. ಡಾಕ್ಟರ ಹತ್ತಿರ ಹೋಗೋಣವೆಂದರೆ ಅವನು ಕೇಳದವನಂತೆ ಎದ್ದು ಹೋಗುತ್ತಿದ್ದನಂತೆ. ಟವೆಲ್ಲಿನ ಕೆಳಗಿನ ವ್ಯಾಪಾರಕ್ಕೆ ಕಿವಿ ಬೇಕಿಲ್ಲ ನಿಜ. ಆದರೆ ದಲಾಲಿ ಕಿವುಡನೆಂದು ಸಂತೆಗೆ ತಿಳಿದರೆ ಅವನ ಬೆನ್ನ ಹಿಂದೆಯೇ ನಿಂತು ಎರಡೂ ಕಡೆಯವರು ಬೇರೆ ಮಾತು ಆಡಿಕೊಳ್ಳುತ್ತಾರೆ, ಅಲ್ಲಿಗೆ ಅವನ ಮಾತಿಗಿದ್ದ ಬೆಲೆ ಹೋಯಿತು.

ಅದೆಲ್ಲ ಸರಿ, ಆದರೆ ಅವನು ಗಾಡಿ ಓಡಿಸುತ್ತಿದ್ದಾನಲ್ಲ, ಇವತ್ತು ಕುರಿಮರಿ, ನಾಳೆ ಯಾರದೋ ಮಗು ಎಂದೆ. ಬಿಟ್ಟುಬಿಡು ಎಂದು ನೀನೇ ಹೇಳು ಎಂದೆ. ಅವ್ವ ಹಿಟ್ಟಿನ ಕೈಯಿಂದಲೇ ಹಣೆ ಒರೆಸಿಕೊಂಡಳು.

"ಹ್ಯಾಂಗ ಹೇಳಲಿ? ಮೆಲ್ಲಕ ಹೇಳಿದ್ರ ಅವರಿಗೆ ಕೇಳಂಗಿಲ್ಲ. ಒದರಿ ಹೇಳಿದ್ರ ಓಣಿಗೆಲ್ಲ ಕೇಳತೈತಿ."

ಆಮೇಲಿನ ದಿನಗಳು ನನ್ನನ್ನು ಹಣ್ಣು ಮಾಡಿದವು. ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು. ಒಂದು ಕಾಗದದ ಮೇಲೆ ಬರೆದು ನೋಡಿದೆ. ಬರೆದದ್ದು ನೋಟೀಸಿನಂತೆ ಕಂಡು ಹರಿದು ಹಾಕಿದೆ. ಕೀಲಿ ಬಚ್ಚಿಟ್ಟೆ, ಹುಡುಕಿ ತೆಗೆದ. ಟಯರು ಸರಿಯಿಲ್ಲ ಎಂದೆ, ತಾನೇ ಗಾಳಿ ಹೊಡೆಸಿಕೊಂಡು ಬಂದ. ಪಕ್ಕದಲ್ಲಿ ಕೂತು ಮೈಯೆಲ್ಲ ಕಿವಿಯಾಗಿ, ಹಿಂದೆ ಲಾರಿ ಹಾರ್ನು ಹೊಡೆದರೆ ಅವನ ತೋಳು ಮುಟ್ಟಿ ಎಡಕ್ಕೆ ಕೈ ತೋರಿಸುತ್ತಿದ್ದೆ. ಯರಗಟ್ಟಿಯ ದಾರಿಯಲ್ಲಿ ಒಂದು ಟ್ಯಾಂಕರು ಹಿಂದಿನಿಂದ ಬಂದು ಒಂದೇ ಗೇಣಿನ ಅಂತರದಲ್ಲಿ ದಾಟಿ ಮುಂದೆ ಹೋಯಿತು. ಅದು ಪಕ್ಕಕ್ಕೆ ಬರುವವರೆಗೂ ಅಪ್ಪ ಹುಬ್ಬು ಅಲುಗಿಸಲಿಲ್ಲ. ಅವನ ಮೇಲೆ ಸಿಟ್ಟು ಬಂತು, ಅಳು ಬಂತು. ಗೆಜ್ಜೆಯ ಸರ ಖಾನೆಯಲ್ಲೇ ಇತ್ತು. ಮತ್ತೆ ಕಟ್ಟಲು ನನಗೆ ಮನಸ್ಸಾಗಲಿಲ್ಲ, ನಂಬರ್ ಪ್ಲೇಟಿನ ಕೆಳಗೆ ಬಗ್ಗಿ ನೋಡದ ಅವನಿಗೆ ಕಟ್ಟಿಲ್ಲವೆಂದು ಗೊತ್ತಾಗಲಿಲ್ಲ.

ಬಿತ್ತನೆಗೆ ಮುಂಚಿನ ಕೊನೆಯ ಸಂತೆ ರಾಮದುರ್ಗದಲ್ಲಿ. ಅಂದು ಆಕಾಶದ ತುಂಬ ಮೋಡ, ಎತ್ತುಗಳು ಗಾಳಿ ಮೂಸುತ್ತಾ ಕಾಲು ಕೆದರುತ್ತಿದ್ದವು. ಮಳೆ ಬರುವುದರೊಳಗೆ ಮುಗಿಸಿಬಿಡಬೇಕೆಂಬ ಗಡಿಬಿಡಿ ಎಲ್ಲರಿಗೂ. ಹಗಲೆಲ್ಲ ಮುರಿದು ಮುರಿದು ಬೀಳುತ್ತಿದ್ದ ಒಂದು ಬಿಳಿ ಜೋಡಿಯ ವ್ಯಾಪಾರವನ್ನು ಅಪ್ಪ ಕೊನೆಗೂ ಕೂಡಿಸಿದ. ಮಾರುವವನ ಕೈ ಹಿಡಿದ, ಕೊಳ್ಳುವವನ ಕೈ ಹಿಡಿದ, ಇಬ್ಬರ ಕಣ್ಣನ್ನೂ ನೋಡುತ್ತಾ ಟವೆಲ್ಲಿನ ಕೆಳಗೆ ಅವನ ಬೆರಳು ಆಡಿದವು. ಜನ ಭೇಷ್ ಎಂದರು. ಸಂತೆಯ ನಡುವೆ ನಿಂತ ನನ್ನ ಅಪ್ಪ ಆ ಹೊತ್ತಿಗೆ ಅರಸನಂತಿದ್ದ. ಮಾತು ಮುಗಿಸಿ ಅವನು ಜೇಬಿನಿಂದ ಕಾರಿನ ಕೀಲಿ ತೆಗೆದು ಬೆರಳಿಗೆ ಸುತ್ತಿಕೊಂಡು, ನಡಿ ಎಂದ.

ಮಳೆಯಲ್ಲಿ, ಕತ್ತಲಾಗುತ್ತಿರುವ ರಸ್ತೆಯಲ್ಲಿ, ಇವನ ಕೈಗೆ ಕಾರು ಕೊಡಬಾರದು. ಕೂಗಿ ಹೇಳಲೂಬಾರದು. ಆಗ ನನಗೆ ತೋಚಿದ್ದು ಒಂದೇ. ಪಕ್ಕದಲ್ಲೇ ಬೀಗ ಹಾಕದೆ ನಿಲ್ಲಿಸಿದ್ದ ಕಾರಿನ ಖಾನೆಯಿಂದ ಗೆಜ್ಜೆಯ ಸರ ತಂದು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ. ಅಪ್ಪನ ಎದುರು ನಿಂತು, ಅವನ ಹೆಗಲ ಮೇಲಿನ ಟವೆಲ್ ಎಳೆದು ನಮ್ಮಿಬ್ಬರ ಕೈ ಮೇಲೆ ಹಾಸಿದೆ. ಸುತ್ತಲಿದ್ದವರು ನಕ್ಕರು. ಮಗಳೂ ದಲಾಲಿ ಆದಳಲ್ಲ ಎಂದು ಯಾರೋ ಅಂದರು. ಪೆಪ್ಪರಮಿಂಟಿನ ಆಟ ನೆನಪಾಗಿ ಅಪ್ಪನೂ ನಗುತ್ತಾ ಅಂಗೈ ಚಾಚಿದ.

ಅದರಲ್ಲಿ ಗೆಜ್ಜೆ ಇಟ್ಟೆ.

ಸಣ್ಣಗೆ ಸದ್ದಾಯಿತು, ನನಗೆ ಕೇಳಿತು. ಅಪ್ಪನ ಬೆರಳುಗಳು ಒಂದೊಂದೇ ಗೆಜ್ಜೆಯನ್ನು ಮುಟ್ಟಿದವು, ಚರ್ಮದ ಪಟ್ಟಿಯನ್ನು ಮುಟ್ಟಿದವು, ತಾನೇ ಹಾಕಿದ್ದ ಗಂಟಿನ ಮೇಲೆ ನಿಂತವು. ನಗು ಮುಖದ ಮೇಲೆ ಹಾಗೇ ಇತ್ತು, ಕಣ್ಣುಗಳು ಮಾತ್ರ ಕಾರಿನ ಮುಂಭಾಗದ ಕಡೆ ಹೋಗಿ, ಅಲ್ಲಿಂದ ನನ್ನ ಮುಖಕ್ಕೆ ಬಂದವು. ಎಷ್ಟು ದಿನದಿಂದ ಎಂದು ಕೇಳುವವನಂತೆ ನೋಡಿದ. ನಾನು ಕಣ್ಣು ತಪ್ಪಿಸಲಿಲ್ಲ. ಅವನು ನನ್ನ ಕೈ ದೂಡುತ್ತಾನೆ ಎಂದುಕೊಂಡೆ, ದೂಡಿದರೆ ಮುಂದೆ ಏನು ಮಾಡಬೇಕೆಂಬುದು ನನಗೆ ಗೊತ್ತಿರಲಿಲ್ಲ. ಟವೆಲ್ಲಿನ ಮೇಲೆ ಮಳೆಯ ಮೊದಲ ದಪ್ಪ ಹನಿಗಳು ಬಿದ್ದವು. ಆಮೇಲೆ ನನ್ನ ಅಂಗೈಯಲ್ಲಿ ತಣ್ಣಗಿನದೊಂದು ಬಂದು ಕೂತಿತು. ಕೀಲಿ. ಅಪ್ಪ ನನ್ನ ಐದೂ ಬೆರಳನ್ನು ಅದರ ಮೇಲೆ ಮಡಚಿ ಗಟ್ಟಿಯಾಗಿ ಒತ್ತಿದ.

ಬಿಳಿ ಜೋಡಿ ಕೊಂಡವನು ಕುತೂಹಲ ತಡೆಯದೆ ಮುಂದೆ ಬಂದು, ಎಷ್ಟಕ್ಕೆ ಮುಗಿಯಿತು ಎಂದು ಕೇಳಿದ. ಅಪ್ಪ ಅವನ ತುಟಿ ನೋಡಿಕೊಂಡು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. ಗೆಜ್ಜೆ ಆಗಲೇ ಅವನ ಅಂಗಿಯ ಜೇಬು ಸೇರಿತ್ತು.

"ಮುಗೀತ್ರಿ. ನನಗ ಲುಕ್ಸಾನ ಏನಿಲ್ಲ," ಎಂದ.

ಎಲ್ಲರೂ ನಕ್ಕು ಮಳೆಗೆ ಚದುರಿದರು.

ನಾನು ಓಡಿಸಿದೆ. ಅಪ್ಪ ಟವೆಲ್ಲನ್ನು ತೊಡೆಯ ಮೇಲೆ ಹಾಕಿಕೊಂಡು ಎಡಗಡೆ ಕೂತ. ಮಳೆ ಜೋರಾಯಿತು, ಗಾಜಿನ ಮೇಲೆ ವೈಪರ್ ಓಡುತ್ತಿತ್ತು, ತೊರಗಲ್ಲಿನ ಕೋಟೆ ಮಂಜುಮಂಜಾಗಿ ಕಂಡು ಹಿಂದೆ ಸರಿಯಿತು. ಅವನು ಮೊದಲಿನಂತೆ ರಸ್ತೆ ನೋಡುತ್ತಾ ಕೂತಿದ್ದ. ಈ ಸಲ ಅದು ಸಿಟ್ಟೇ ಇರಬಹುದು ಎನಿಸಿತು. ಏನಾದರೂ ಅನ್ನಬೇಕು, ಅಂದರೆ ಕೇಳುವುದಿಲ್ಲ, ಮುಖ ನೋಡಿ ಅನ್ನೋಣವೆಂದರೆ ರಸ್ತೆ ಬಿಟ್ಟು ಕಣ್ಣು ತಿರುಗಿಸುವಂತಿಲ್ಲ. ಗುಡ್ಡದ ಇಳಿಜಾರು ಬಂತು. ಎಂಜಿನ್ನು ಆರಿತು, ಪರದೆಯ ಮೇಲೆ ಬ್ಯಾಟರಿಯ ಗೆರೆಗಳು ಒಂದೊಂದಾಗಿ ಏರತೊಡಗಿದವು. ಅಪ್ಪ ಅದನ್ನೇ ನೋಡುತ್ತಿದ್ದ. ಜೇಬಿನಿಂದ ಗೆಜ್ಜೆಯ ಸರ ತೆಗೆದು ತೊಡೆಯ ಮೇಲಿಟ್ಟುಕೊಂಡು, ಮುಂದಿನ ರಸ್ತೆಗೆ ಹೇಳುವವನಂತೆ ಕೇಳಿದ.

"ಕಟ್ಟಿದ್ದಾಗರೆ ಸಪ್ಪಳ ಖರೇನ ಚಂದ ಬರತಿತ್ತೇನು?"

ಗೇರು ಹಾಕುವ ಕೆಲಸವಿಲ್ಲದ ಕಾರಿನಲ್ಲಿ ನನ್ನ ಎಡಗೈ ಖಾಲಿಯಿತ್ತು. ಅದನ್ನು ಚಾಚಿ, ಒದ್ದೆ ಟವೆಲ್ಲಿನ ಕೆಳಗಿದ್ದ ಅಪ್ಪನ ಕೈ ಹುಡುಕಿ, ಐದೂ ಬೆರಳನ್ನು ಒಟ್ಟಿಗೆ ಹಿಡಿದು ಒತ್ತಿದೆ.